ವಿದೇಶಿ ವ್ಯಾಪಾರ ಒಪ್ಪಂದಗಳೂ ಸಂವಿಧಾನದ 253ನೇ ವಿಧಿಯೂ

ವಿಶ್ವ ವ್ಯಾಪಾರದ ಕಟ್ಟಳೆಗಳೆಲ್ಲವೂ ಜಿನೀವಾದಲ್ಲಿ ತೀರ್ಮಾನವಾಗುವ ಕಾಲ ಹಿಂದೆ ಸರಿದಿದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯು 2019ರ ಡಿಸೆಂಬರ್‌ನಲ್ಲಿ ಸದಸ್ಯರ ಕೊರತೆಯಿಂದ ಸ್ತಬ್ಧವಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕವು ನಮ್ಮ ಅನೇಕ ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿತು. ದೇಶ ದೇಶಗಳು ಪರಸ್ಪರ ಒಪ್ಪಂದಗಳ ಮೊರೆ ಹೋಗಿವೆ. ಭಾರತವೂ ಯುಎಇ ಮತ್ತು ಆಸ್ಟ್ರೇಲಿಯಾಗಳೊಡನೆ 2022ರಲ್ಲಿ, ಬ್ರಿಟನ್ನಿನೊಡನೆ 2025ರ ಜುಲೈನಲ್ಲಿ ಸಹಿ ಹಾಕಿದೆ. ಈ ಕಾರ್ಯತಂತ್ರ ಅನಿವಾರ್ಯವೆಂದೇ ನನ್ನ ಅಭಿಪ್ರಾಯ. ಆದರೆ ಸಹಿ ಹಾಕುವವರು ಯಾರು, ಅದರ ಪರಿಣಾಮವನ್ನು ಅನುಭವಿಸುವವರು ಯಾರು ಎಂಬುದನ್ನು ಉದ್ಯಮಿಗಳು ವಿಚಾರಿಸಬೇಕಾಗಿದೆ.

ಒಪ್ಪಂದ ಮಾಡಿಕೊಳ್ಳುವ ವಿಷಯವು ಕೇಂದ್ರ ಪಟ್ಟಿಯ 14ನೆಯ ನಮೂದು. ಕೃಷಿಯು ರಾಜ್ಯ ಪಟ್ಟಿಯ 14ನೆಯ ನಮೂದು. ಸಂಖ್ಯೆಯ ಸಾಮ್ಯ ಕೇವಲ ಕಾಕತಾಳೀಯ. ಒಪ್ಪಂದವನ್ನು ಜಾರಿಗೊಳಿಸಲು ಸಂಸತ್ತು ರಾಜ್ಯ ಪಟ್ಟಿಯ ವಿಷಯದಲ್ಲಿಯೂ ಶಾಸನ ಮಾಡಬಹುದೆಂದು 253ನೇ ವಿಧಿ ಹೇಳುತ್ತದೆ. ವಾಸ್ತವದಲ್ಲಿ ಸುಂಕ ರಿಯಾಯಿತಿಗೆ ಹೊಸ ಶಾಸನವೂ ಬೇಕಾಗುವುದಿಲ್ಲ. ಕಸ್ಟಮ್ಸ್ ಕಾಯಿದೆಯ 25ನೇ ಕಲಮಿನಡಿ ಒಂದು ಅಧಿಸೂಚನೆ ಸಾಕು.

ಕಾಳುಮೆಣಸಿನ ಪ್ರಕರಣ ನೋಡಿ. ಶ್ರೀಲಂಕಾದೊಡನೆ 1998ರಲ್ಲಿ ಆದ ಮುಕ್ತ ವ್ಯಾಪಾರ ಒಪ್ಪಂದ 2000ದ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ವಿಯೆಟ್ನಾಂ ಮೆಣಸು ಆ ದ್ವೀಪದ ಹೆಸರಿನಲ್ಲಿ ಅಗ್ಗವಾಗಿ ಒಳನುಗ್ಗುತ್ತಿದೆಯೆಂದು ಕೊಡಗು, ಚಿಕ್ಕಮಗಳೂರು, ಹಾಸನಗಳ ಬೆಳೆಗಾರರು ವರ್ಷಗಟ್ಟಲೆ ದೂರಿದರು. ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿಯಾದದ್ದು 2017ರ ಡಿಸೆಂಬರ್‌ನಲ್ಲಿ. ಆಮದುದಾರನೇ ಸರಕಿನ ಮೂಲದ ಮಾಹಿತಿ ಇಟ್ಟುಕೊಳ್ಳಬೇಕೆಂಬ ನಿಯಮ ಬಂದದ್ದು 2020ರಲ್ಲಿ. ಪ್ರಾರಂಭದಲ್ಲಿಯೇ ಬೆಳೆಯುವ ರಾಜ್ಯಗಳನ್ನು ವಿಧಿವತ್ತಾಗಿ ಕೇಳಿದ್ದರೆ, ಮೂಲದ ನಿಯಮಗಳ ಈ ಸಡಿಲವನ್ನು ಯಾರಾದರೂ ಎತ್ತಿ ತೋರಿಸುತ್ತಿದ್ದರು.

ದೇಶದೊಳಗಿನ ತೆರಿಗೆಯ ವಿಷಯದಲ್ಲಿ ನಾವು ಬೇರೆ ದಾರಿ ಹಿಡಿದಿದ್ದೇವೆ. 2016ರ 101ನೇ ತಿದ್ದುಪಡಿಯಿಂದ ಬಂದ 279ಎ ವಿಧಿಯಂತೆ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು, ರಾಜ್ಯಗಳ ಮತಕ್ಕೆ ಮೂರನೇ ಎರಡು ಭಾರ. ನಿರ್ಣಯಕ್ಕೆ ನಾಲ್ಕನೇ ಮೂರರಷ್ಟು ಬಹುಮತ. ಬಿಸ್ಕತ್ತಿನ ತೆರಿಗೆಗೆ ರಾಜ್ಯದ ಮಂತ್ರಿ ಕೈಯೆತ್ತುತ್ತಾರೆ, ಮೆಣಸಿನ ಆಮದು ಸುಂಕಕ್ಕೆ ಅವರ ಅಭಿಪ್ರಾಯವನ್ನು ಕೇಳಲೇಬೇಕೆಂಬ ಕಟ್ಟಳೆಯಿಲ್ಲ! ಆರ್‌ಸಿಇಪಿಯಿಂದ ಭಾರತ 2019ರ ನವೆಂಬರ್‌ನಲ್ಲಿ ಹೊರಬಂದಾಗ ಹೈನುಗಾರರ ದನಿಯೂ ಒಂದು ಕಾರಣವಾಗಿತ್ತು; ಆ ದನಿ ಕೇಳಿಬಂದದ್ದು ಪ್ರತಿಭಟನೆಗಳ ಮೂಲಕ.

ಇಪ್ಪತ್ತೆಂಟು ರಾಜ್ಯಗಳನ್ನು ಕೇಳುತ್ತ ಕುಳಿತರೆ ಮಾತುಕತೆಯ ಗುಟ್ಟು ಉಳಿಯದೆಂಬ ಆಕ್ಷೇಪಣೆ ನಿರಾಧಾರವಲ್ಲ. ಅದಕ್ಕೆಂದೇ ನಾನು ರಾಜ್ಯಗಳಿಗೆ ನಿಷೇಧಾಧಿಕಾರ ಕೇಳುವುದಿಲ್ಲ. ಬ್ರಿಟನ್ ತನ್ನ 2010ರ ಸಾಂವಿಧಾನಿಕ ಸುಧಾರಣಾ ಕಾಯಿದೆಯಲ್ಲಿ, ಒಪ್ಪಂದವನ್ನು ಸ್ಥಿರೀಕರಣಕ್ಕೆ ಮುನ್ನ 21 ಅಧಿವೇಶನ ದಿನಗಳ ಕಾಲ ಸಂಸತ್ತಿನ ಮುಂದಿಡಬೇಕೆಂದು ವಿಧಿಸಿತು. ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯನವರ ಅಧ್ಯಕ್ಷತೆಯ ಸಂವಿಧಾನ ಪುನರ್ವಿಮರ್ಶಾ ಆಯೋಗವು 2002ರಲ್ಲಿಯೇ ರಾಜ್ಯ ಪಟ್ಟಿಗೆ ತಾಗುವ ಒಪ್ಪಂದಗಳಲ್ಲಿ ಪೂರ್ವ ಸಮಾಲೋಚನೆಯನ್ನು ಸಲಹೆ ಮಾಡಿತ್ತು.

253ನೇ ವಿಧಿಯನ್ನೇ ತಿದ್ದಬೇಕಾದರೆ 368(2)ರಂತೆ ಅರ್ಧದಷ್ಟು ರಾಜ್ಯ ಶಾಸನಸಭೆಗಳ ಅನುಮೋದನೆ ಬೇಕು. ಅದು ದೀರ್ಘ ಹಾದಿ. ಆದರೆ ಅದೇ ಕೇಂದ್ರ ಪಟ್ಟಿಯ 14ನೆಯ ನಮೂದಿನ ಬಲದಿಂದ, ಸಮಾಲೋಚನೆಯನ್ನು ಕಡ್ಡಾಯಗೊಳಿಸುವ ಸಾಧಾರಣ ಶಾಸನವನ್ನು ಸಂಸತ್ತು ಒಂದೇ ಅಧಿವೇಶನದಲ್ಲಿ ಅಂಗೀಕರಿಸಬಹುದು.