ನೆಗಡಿ ಜ್ವರ ಅಂತ ಸುಮ್ಮನಿದ್ದೆವು



ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಜ್ವರ ಬಂತು. ಅವನಿಗೆ ಮೂರು ವರ್ಷ. ಮೂಗು ಸೋರುತ್ತಿತ್ತು, ಕೆಮ್ಮು ಬೇರೆ. "ಶೀತ ಜ್ವರ ಕಣಮ್ಮ, ಕಷಾಯ ಕುಡಿಸಿದ್ರೆ ಹೋಗುತ್ತೆ" ಅಂದ್ರು ಅಜ್ಜಿ. ನಾಲ್ಕನೇ ದಿನ ಜ್ವರ ಇಳಿಯಿತು. ಆರನೇ ದಿನ ಮತ್ತೆ ಏರಿತು. ಆ ರಾತ್ರಿ ಅವನು ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಹಾಲೂ ಬೇಡ, ನೀರೂ ಬೇಡ. ಅಪ್ಪ ಪಕ್ಕದ ಮನೆಯವರ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಐದು ದಿನ ಅಲ್ಲೇ ಇಟ್ಟುಕೊಂಡರು. ನಾನೂ ಎರಡು ದಿನ ಜೊತೆಗಿದ್ದೆ (ಶಾಲೆಗೆ ಬಾರದೆ ಇದ್ದದ್ದು ಇದಕ್ಕೇ ಸಾರ್).

ಫ್ಲೂ ಜ್ವರ ಹೀಗೇಕಾಯಿತು ಎಂದು ಡಾಕ್ಟರನ್ನು ಕೇಳಿದೆ. ಫ್ಲೂ ಒಂದು ವೈರಸ್‌ನಿಂದ ಬರುವ ರೋಗ. ಅದು ಉಸಿರಿನ ನಾಳದ ಒಳಪದರವನ್ನು ಹಾಳು ಮಾಡುತ್ತದೆ. ಮೂಗು ಗಂಟಲಲ್ಲಿ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾಗಳು ಆಗ ಶ್ವಾಸಕೋಶಕ್ಕೆ ಇಳಿಯುತ್ತವೆ. ಅಲ್ಲಿರುವ ಪುಟ್ಟ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿ ರಕ್ತಕ್ಕೆ ಆಮ್ಲಜನಕ ಸಾಕಾಗುವುದಿಲ್ಲ. ಇದೇ ನ್ಯುಮೋನಿಯಾ. ಕೆಲವು ಸಲ ಆ ವೈರಸ್ಸೇ ನೇರವಾಗಿ ನ್ಯುಮೋನಿಯಾ ತರುವುದುಂಟು. 1918ರ ಫ್ಲೂನಲ್ಲಿ ನಮ್ಮ ದೇಶದಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆಗ ಸತ್ತವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಹೀಗೆ ಆಮೇಲೆ ಬಂದ ನ್ಯುಮೋನಿಯಾ.

ತಮ್ಮನಿಗೆ ಮೂಗಿನ ಹತ್ತಿರ ನಳಿಕೆಯಿಟ್ಟು ಆಮ್ಲಜನಕ ಕೊಟ್ಟರು, ಕೈಗೆ ಗ್ಲೂಕೋಸ್ ಹಾಕಿದರು. ಆಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲವಂತೆ. ಇವನಿಗೆ ಕೊಟ್ಟದ್ದು ಎರಡನೇ ರೋಗಕ್ಕೆ.

ನರ್ಸಕ್ಕ ನನಗೆ ಉಸಿರು ಎಣಿಸುವುದನ್ನು ಕಲಿಸಿದರು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. 1ರಿಂದ 5 ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ವೇಗದ ಉಸಿರು. ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಅದಕ್ಕೂ ಎಳೆಯ ಕೂಸಿಗೆ 60. ಆಗ ಕಷಾಯ ಕಾಯಿಸುತ್ತಾ ಕೂರಬಾರದು. ಪಕ್ಕೆ ಒಳಕ್ಕೆ ಎಳೆದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಮಗು ಕುಡಿಯದೆ ಮಂಕಾಗಿ ಮಲಗಿದರೆ ರಾತ್ರಿಯಾದರೂ ಹೊರಡಬೇಕು.

ಇನ್ನೊಂದು ಮಾತು. ಫ್ಲೂ ಬಂದ ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ಕೊಡಬಾರದು. ಅಪರೂಪಕ್ಕೆ ಅದರಿಂದ ಮಿದುಳಿಗೂ ಯಕೃತ್ತಿಗೂ ಪೆಟ್ಟಾಗುತ್ತದೆ. ಅಜ್ಜಿ ಡಬ್ಬಿಯಲ್ಲಿ ಅದೇ ಮಾತ್ರೆ ಇತ್ತು, ಪುಣ್ಯಕ್ಕೆ ಕೊಟ್ಟಿರಲಿಲ್ಲ.

ಮೊನ್ನೆ ತಮ್ಮ ಮಲಗಿದ್ದಾಗ ಎಣಿಸಿದೆ. 24 ಬಂತು. ಅಜ್ಜಿ ಎರಡು ಸಲ ಎಣಿಸಿದರು.

— 9ನೇ ತರಗತಿಯ ವಿದ್ಯಾರ್ಥಿನಿ