ಬಾದಾಮಿಯ ಬೆಟ್ಟ ಹತ್ತುವ ಮುನ್ನ

ಶಾಲೆಗಳಿಗೆ ರಜೆ ಬಂತೆಂದರೆ ಬಾದಾಮಿಯ ಕಡೆ ಹೊರಡುವ ಬಸ್ಸು, ಟೆಂಪೋಗಳಿಗೆ ಲೆಕ್ಕವಿಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿ ಜಾತ್ರೆಗೆ ಬಂದವರು ಹೇಗೂ ಇಲ್ಲಿಯವರೆಗೆ ಬಂದಿದ್ದೇವೆ, ಗುಹೆಗಳನ್ನೂ ಕೋಟೆಯನ್ನೂ ನೋಡಿಯೇ ಹೋಗೋಣವೆಂದು ಬೆಟ್ಟ ಹತ್ತುತ್ತಾರೆ. ಹತ್ತಲೇಬೇಕಾದ ಬೆಟ್ಟವೂ ಹೌದು. ಕೆಂಪು ಮರಳುಗಲ್ಲಿನ ಎರಡು ಗುಡ್ಡಗಳು, ನಡುವೆ ಅಗಸ್ತ್ಯ ತೀರ್ಥ, ದಕ್ಷಿಣದ ಗುಡ್ಡದ ಹೊಟ್ಟೆಯಲ್ಲಿ ಕೊರೆದ ನಾಲ್ಕು ಗುಹಾಲಯಗಳು, ಎರಡೂ ಗುಡ್ಡಗಳ ನೆತ್ತಿಯ ಮೇಲೆ ಕೋಟೆ, ಅದರಾಚೆ ಕುರುಚಲು ಕಾಡು. ಒಂದನೆಯ ಪುಲಕೇಶಿ ಈ ಗುಡ್ಡಕ್ಕೆ ಕೋಟೆ ಕಟ್ಟಿಸಿದ್ದು ಕ್ರಿ.ಶ. 543ರಲ್ಲಿ ಎಂದು ಇಲ್ಲಿನ ಬಂಡೆಯ ಮೇಲಿನ ಶಾಸನವೇ ಹೇಳುತ್ತದೆ. ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನ 578ರದು.

ಚರಿತ್ರೆಯನ್ನು ಬಲ್ಲವರು ಇದನ್ನೆಲ್ಲ ಚೆನ್ನಾಗಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಬೆಟ್ಟ ಹತ್ತುವ ದೇಹದ ಬಗ್ಗೆ. ವರ್ಷವಿಡೀ ಗಲ್ಲಾಪೆಟ್ಟಿಗೆಯ ಮುಂದೆಯೋ ಕಚೇರಿಯ ಕುರ್ಚಿಯಲ್ಲೋ ಕುಳಿತ ದೇಹವನ್ನು ಒಂದೇ ದಿನ ಬಿಸಿಲಿನಲ್ಲಿ ಕಲ್ಲಿನ ಮೆಟ್ಟಿಲು ಹತ್ತಿಸಿದಾಗ, ಅದರೊಳಗೆ ಅಡಗಿದ್ದ ಎಷ್ಟೋ ಸಂಗತಿಗಳು ಹೊರಬೀಳುತ್ತವೆ. ಹೀಗೆ ಪ್ರವಾಸ ಮುಗಿಸಿ ನೇರವಾಗಿ ವೈದ್ಯರ ಬಳಿ ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಸರದಿ ಬದಲಿಸಿ

ಮೊದಲಿಗೆ ಒಂದು ಸಣ್ಣ ಸಲಹೆ. ಬಹಳ ಮಂದಿ ಬೆಳಗಿನ ತಂಪಿನಲ್ಲಿ ಗುಹೆಗಳನ್ನು ನಿಧಾನವಾಗಿ ನೋಡಿ, ಹದಿನೆಂಟು ಕೈಗಳ ನಟರಾಜನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಊಟಕ್ಕೆ ಮುಂಚೆ ಮುಗಿಸಿಬಿಡೋಣವೆಂದು ಹನ್ನೊಂದು ಹನ್ನೆರಡರ ಬಿಸಿಲಿನಲ್ಲಿ ಉತ್ತರದ ಕೋಟೆ ಹತ್ತಲು ಹೊರಡುತ್ತಾರೆ. ಇದು ತಿರುಗುಮುರುಗಾದ ಕ್ರಮ. ಗುಹೆಗಳ ಮುಖ ಬಹುಮಟ್ಟಿಗೆ ಉತ್ತರಕ್ಕಿರುವುದರಿಂದ ಮಧ್ಯಾಹ್ನವೂ ಒಳಗೆ ನೆರಳು, ತಂಪು ಇರುತ್ತದೆ. ಉತ್ತರದ ಕೋಟೆಗೆ ವಸ್ತುಸಂಗ್ರಹಾಲಯದ ಪಕ್ಕದಿಂದ ಹತ್ತುವ ದಾರಿ ಹಾಗಲ್ಲ. ಕೆಳಗಿನ ಬಂಡೆಯ ಸೀಳಿನಲ್ಲಿ ಒಂದಿಷ್ಟು ನೆರಳು ಸಿಗುತ್ತದೆ. ಶಿವಾಲಯಗಳಿರುವ ನೆತ್ತಿ ಮಾತ್ರ ಬಿಸಿಲಿಗೆ ಒಡ್ಡಿದ ಬರೀ ಬಂಡೆ. ಆದ್ದರಿಂದ ಬೆಳಿಗ್ಗೆ ಕೋಟೆ, ಬಿಸಿಲೇರಿದ ಮೇಲೆ ಗುಹೆ. ಇಷ್ಟು ಅದಲು ಬದಲು ಮಾಡಿಕೊಂಡರೇ ಅರ್ಧ ಆಯಾಸ ಉಳಿಯುತ್ತದೆ.

ಬಿಸಿಲಿನಲ್ಲಿ ಏರು ಹತ್ತುವವನ ಮೈಯಿಂದ ಗಂಟೆಗೆ ಸುಮಾರು ಒಂದು ಲೀಟರ್ ಬೆವರು ಹೋಗಬಹುದು. ಅದರೊಂದಿಗೆ ಉಪ್ಪೂ ಹೋಗುತ್ತದೆ. ಬಾಯಾರಿಕೆ ಆಗುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನಾಲ್ಕಾರು ಗುಟುಕು ನೀರು ಕುಡಿಯುತ್ತಿರಬೇಕು. ಬಣ್ಣದ ತಂಪು ಪಾನೀಯಕ್ಕಿಂತ ಉಪ್ಪು ಹಾಕಿದ ಮಜ್ಜಿಗೆ, ಲಿಂಬು ಶರಬತ್ತು, ಇಲ್ಲವೇ ಔಷಧಿ ಅಂಗಡಿಯ ಓ.ಆರ್.ಎಸ್. ಪುಡಿ ಉತ್ತಮ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಚಮಚ ಮಟ್ಟಸವಾಗಿರಲಿ, ರಾಶಿ ಬೇಡ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ತಮ್ಮ ವೈದ್ಯರನ್ನು ಕೇಳಿಕೊಳ್ಳುವುದು ಒಳ್ಳೆಯದು.

ತಲೆ ಸುತ್ತು, ವಾಕರಿಕೆ, ವಿಪರೀತ ಬೆವರು, ಮೀನಖಂಡದ ಸೆಳೆತ ಇವು ಮೊದಲ ಸೂಚನೆಗಳು. ಆಗಲೇ ನೆರಳಿಗೆ ಕೂತು ನೀರು ಕುಡಿದರೆ ಸರಿಹೋಗುತ್ತದೆ. ಆದರೆ ಮನುಷ್ಯ ಅಸಂಬದ್ಧವಾಗಿ ಮಾತನಾಡತೊಡಗಿದರೆ, ತೂರಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ದೇಹದೊಳಗಿನ ಉಷ್ಣತೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ. ಜ್ವರದ ಮಾತ್ರೆಯಿಂದ ಇದು ಇಳಿಯುವುದಿಲ್ಲ. ಬಟ್ಟೆ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು, ಟವೆಲಿನಿಂದ ಗಾಳಿ ಹಾಕುತ್ತಲೇ 108ಕ್ಕೆ ಫೋನ್ ಮಾಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಕೂಡದು.

ಎದೆ ಬಿಗಿದರೆ

ಐವತ್ತು ದಾಟಿದ ಒಬ್ಬ ಶಿಕ್ಷಕರು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದರು. ಕೋಟೆಯ ಏರಿನಲ್ಲಿ ಅವರಿಗೆ ಎದೆಯ ನಡುವೆ ಯಾರೋ ಕೈಯಿಟ್ಟು ಒತ್ತಿದಂತೆ ಆಯಿತು, ಎಡ ದವಡೆಯೂ ಜಗ್ಗಿತು. ನಿಂತರು, ಎರಡು ನಿಮಿಷದಲ್ಲಿ ಹೋಯಿತು. ಮತ್ತೆ ಹತ್ತಿದಾಗ ಮತ್ತೆ ಬಂತು. ಬೆಳಿಗ್ಗೆ ತಿಂದ ಮಿರ್ಚಿ ಭಜಿಯ ಗ್ಯಾಸ್ ಎಂದು ಜೊತೆಯವರು ತೀರ್ಮಾನಿಸಿ ಸೋಡಾ ಕುಡಿಸಿದರು. ಮಕ್ಕಳ ಎದುರು ಕೂರಲು ಸಂಕೋಚವಾಗಿ ಮೇಷ್ಟ್ರು ನೆತ್ತಿಯವರೆಗೆ ಹೋಗಿಯೇ ಬಂದರು! ಮೂರು ದಿನ ಬಿಟ್ಟು ನನ್ನಲ್ಲಿಗೆ ಬಂದಾಗ ಅವರು ಹೇಳಿದ್ದು ಗ್ಯಾಸ್ ಎಂದೇ. ಅವರನ್ನು ಹೃದಯ ತಜ್ಞರ ಬಳಿ ಕಳಿಸಿದೆ. ಹೃದಯದ ಒಂದು ಮುಖ್ಯ ರಕ್ತನಾಳ ಬಹುಪಾಲು ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದ ಮೇಲೆ ಈಗ ಆರಾಮಾಗಿದ್ದಾರೆ.

ಆಸ್ಪತ್ರೆಯಲ್ಲಿ ಓಡುಪಟ್ಟಿಯ ಮೇಲೆ ನಡೆಸಿ ನೋಡುವ ಪರೀಕ್ಷೆಯನ್ನೇ ಬಾದಾಮಿಯ ಮೆಟ್ಟಿಲುಗಳು ಅಂದು ಮಾಡಿದ್ದವು. ಸಮತಟ್ಟಿನಲ್ಲಿ ನಡೆಯುವಾಗ ಹೃದಯಕ್ಕೆ ಸಾಕಾಗುತ್ತಿದ್ದ ರಕ್ತ ಏರು ಹತ್ತುವಾಗ ಸಾಲದು. ಸಾಲದಾದಾಗ ಬರುವುದೇ ಈ ಬಿಗಿತ, ನಿಂತೊಡನೆ ಹೋಗುವುದೇ ಇದರ ಗುರುತು. ಗ್ಯಾಸಿಗೆ ಮೆಟ್ಟಿಲು ಎಣಿಸಲು ಬರುವುದಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಏದುಸಿರು, ತಣ್ಣನೆಯ ಬೆವರು, ವಿಪರೀತ ಸುಸ್ತು ಇಷ್ಟೇ ಕಾಣಬಹುದು. ಇಂಥ ಲಕ್ಷಣ ಕಂಡವರು ಅಲ್ಲಿಯೇ ಕೂರಬೇಕು. ಮೊದಲೇ ಹೃದ್ರೋಗವಿದ್ದು ಸಾರ್ಬಿಟ್ರೇಟ್ ಬರೆದುಕೊಟ್ಟಿದ್ದರೆ ಕೂತುಕೊಂಡು ಒಂದನ್ನು ನಾಲಿಗೆಯ ಕೆಳಗಿಡಬೇಕು. ನಿಂತು ಇಟ್ಟರೆ ತಲೆ ತಿರುಗಿ ಬಿದ್ದಾರು. ಹತ್ತು ಹದಿನೈದು ನಿಮಿಷ ಕೂತರೂ ನೋವು ಹೋಗದಿದ್ದರೆ ಅವರನ್ನು ನಡೆಸಕೂಡದು, ನಾಲ್ಕು ಜನ ಹೊತ್ತು ಇಳಿಸಬೇಕು. ನೋವು ತಾನಾಗಿ ಹೋದರೂ ಮೇಲೆ ಹತ್ತದೆ ಮೆಲ್ಲಗೆ ಇಳಿದು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಗುಂಪಿನಲ್ಲಿ ಹೋಗುವಾಗ ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು ಉಳಿದವರು ಹಿಂದೆ ಬರುವುದು ಕ್ಷೇಮ. ನಮ್ಮಲ್ಲಿ ಇದು ಆಗುವುದು ಕಡಿಮೆ. ಹುಡುಗರು ಮುಂದೆ ಓಡುತ್ತಾರೆ, ಅಜ್ಜ ಹಿಂದೆ ಒಬ್ಬರೇ ಉಸಿರು ಬಿಡುತ್ತ ಬರುತ್ತಾರೆ.

ಸುಡುವ ಕಲ್ಲು, ಅರಿಯದ ಪಾದ

ಬಾದಾಮಿಗೆ ಹೋದವರು ಸಾಮಾನ್ಯವಾಗಿ ಮಹಾಕೂಟಕ್ಕೂ ಬನಶಂಕರಿಗೂ ಹೋಗುತ್ತಾರೆ. ಮಹಾಕೂಟಕ್ಕೆ ಬೆಟ್ಟದ ಮೇಲಿಂದ ಕಾಲುದಾರಿಯೂ ಉಂಟು. ಮರಗಳ ನೆರಳು, ಪುಷ್ಕರಣಿಯ ತಿಳಿನೀರು ಇದ್ದರೂ ಗುಡಿಯ ಅಂಗಳದ ಚಪ್ಪಡಿಗಳಿಗೆ ಬಿಸಿಲು ಬೀಳುತ್ತದೆ. ಬೇಸಗೆಯ ಮಧ್ಯಾಹ್ನ ಇಂಥ ಕಲ್ಲಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ನಾವು ನೀವು ಕಾಲಿಟ್ಟರೆ ಹಾರಿ ನೆರಳಿಗೆ ಓಡುತ್ತೇವೆ. ಹಾಗೆ ಓಡದವರೂ ಇದ್ದಾರೆ.

ನನ್ನಲ್ಲಿ ಚಿಕಿತ್ಸೆ ಪಡೆಯುವ 58 ವರ್ಷದ ಕಿರಾಣಿ ವ್ಯಾಪಾರಿಯೊಬ್ಬರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಮನೆಯವರೊಂದಿಗೆ ದೇವಸ್ಥಾನಕ್ಕೆ ಹೋದವರು ಚಪ್ಪಲಿ ಬಿಟ್ಟು ನಿಧಾನವಾಗಿ ಮೂರು ಸುತ್ತು ಪ್ರದಕ್ಷಿಣೆ ಹಾಕಿದರು. ಮೊಮ್ಮಕ್ಕಳು ಕಾಲು ಸುಡುತ್ತದೆಂದು ಕುಣಿಯುತ್ತಿದ್ದರೆ ಇವರು ನಕ್ಕರಂತೆ. ಮರುದಿನ ಬೆಳಿಗ್ಗೆ ಹಾಸಿಗೆ ಒದ್ದೆಯಾಗಿದ್ದುದನ್ನು ಹೆಂಡತಿ ನೋಡಿದಾಗಲೇ ಎರಡೂ ಅಂಗಾಲುಗಳಲ್ಲಿ ಬೊಬ್ಬೆಗಳೆದ್ದು ಒಡೆದಿರುವುದು ತಿಳಿದದ್ದು. ಅವರಿಗೆ ಆಗಲೂ ನೋವಿರಲಿಲ್ಲ. ಗಾಯ ಮಾಗಲು ಮೂರು ತಿಂಗಳು ಹಿಡಿಯಿತು. ಬಲಗಾಲಿನ ಒಂದು ಬೆರಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಸಕ್ಕರೆ ಅಂಶ ಬಹುಕಾಲ ಹೆಚ್ಚಾಗಿದ್ದರೆ ಪಾದದ ನರಗಳು ಮೆಲ್ಲಮೆಲ್ಲಗೆ ಕೆಡುತ್ತವೆ. ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಆದ್ದರಿಂದ ಕೆಡುವುದೂ ಅಲ್ಲಿಂದಲೇ ಶುರು. ಮೊದಲು ಜೋಮು, ಉರಿ. ಆಮೇಲೆ ಏನೂ ಇಲ್ಲ. ಈ ‘ಏನೂ ಇಲ್ಲ’ ಎಂಬುದನ್ನೇ ರೋಗಿಗಳು ಗುಣವಾಯಿತೆಂದು ಭಾವಿಸುವುದು ದುರಂತ. ನೋವು ಎಂಬ ಕಾವಲುಗಾರ ಇಲ್ಲದ ಪಾದಕ್ಕೆ ಕಣ್ಣೇ ಕಾವಲು. ಸಕ್ಕರೆ ಕಾಯಿಲೆಯವರು ದೇವರ ದರ್ಶನವನ್ನು ಬೆಳಿಗ್ಗೆ ಅಥವಾ ಸಂಜೆ ಇಟ್ಟುಕೊಳ್ಳಿ. ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ, ಅದಕ್ಕೆ ಅಡ್ಡಿ ಹೇಳುವವರು ಕಡಿಮೆ. ಬೆಟ್ಟ ಹತ್ತಲು ಹೊಸ ಬೂಟು ಬೇಡ, ಪಳಗಿದ ಬೂಟು ಇರಲಿ. ಮರಳುಗಲ್ಲು ಸವೆದು ಉದುರಿದ ಕಾಳುಗಳು ಬಂಡೆಯ ಮೇಲೆ ಸಾಸಿವೆ ಚೆಲ್ಲಿದಂತೆ ಬಿದ್ದಿರುತ್ತವೆ. ಜಾರಿಸುವುದೂ ಅವೇ, ಬೂಟಿನೊಳಗೆ ಸೇರಿ ಚರ್ಮ ಉಜ್ಜುವುದೂ ಅವೇ. ಹಾಕುವ ಮುನ್ನ ಬೂಟು ಕೊಡವಿ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ, ಇಲ್ಲವೇ ಮನೆಯವರಿಂದ ನೋಡಿಸಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಉಪವಾಸದಲ್ಲಿ ಬೆಟ್ಟ ಹತ್ತಿದರೆ ಸಕ್ಕರೆ ಅಂಶ ದಿಢೀರನೆ ಇಳಿಯಬಹುದು. ಜೇಬಿನಲ್ಲಿ ಬೆಲ್ಲವೋ ಗ್ಲೂಕೋಸೋ ಇರಲೇಬೇಕು.

ಮಂಗ, ಜೇನು, ಚೇಳು

ಗುಹೆಗಳ ಹತ್ತಿರದ ಮಂಗಗಳಿಗೆ ಮನುಷ್ಯರ ಭಯವಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ತಿಂಡಿಯೇ ಎಂದು ಅವು ತಿಳಿದಿವೆ. ತಪ್ಪು ಅವುಗಳದ್ದಲ್ಲ, ಬಾಳೆಹಣ್ಣು ತೋರಿಸಿ ಫೋಟೋ ತೆಗೆಯುವ ನಮ್ಮದು. ಕಿತ್ತುಕೊಂಡರೆ ಕೊಟ್ಟುಬಿಡಿ, ಎಳೆದಾಡಬೇಡಿ. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹದಿನೈದು ನಿಮಿಷ ಹರಿಯುವ ನೀರು, ಸೋಪಿನಿಂದ ಗಾಯ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬಾರದು. ನಾಯಿಯಂತೆ ಮಂಗದಿಂದಲೂ ರೇಬೀಸ್ ಬರಬಹುದು, ಬಂದ ಮೇಲೆ ಅದಕ್ಕೆ ಮದ್ದಿಲ್ಲ. ಹೊಟ್ಟೆಗೆ ಹದಿನಾಲ್ಕು ಚುಚ್ಚುಮದ್ದು ಎಂಬ ಭಯ ಇನ್ನೂ ಹಳ್ಳಿಗಳಲ್ಲಿ ಇದೆ. ಆ ಹಳೆಯ ಲಸಿಕೆಯ ಬಳಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿತು. ಈಗಿನದು ತೋಳಿಗೆ ಕೊಡುವಂಥದ್ದು. ಸ್ನಾಯುವಿಗಾದರೆ ಮೊದಲ ದಿನವನ್ನು ಸೊನ್ನೆ ಎಂದಿಟ್ಟುಕೊಂಡು 3, 7, 14, 28ನೆಯ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28. ರಕ್ತ ಬಂದ ಗಾಯಕ್ಕೆ ಇದರ ಜೊತೆ ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಪ್ರವಾಸದ ನಡುವೆ ಮೊದಲ ಚುಚ್ಚುಮದ್ದು ಹಾಕಿಸಿಕೊಂಡವರು ಊರು ಸೇರಿ ಉಳಿದದ್ದನ್ನು ಮರೆಯುವುದೇ ಹೆಚ್ಚು, ಚೀಟಿ ಜೋಪಾನವಾಗಿಟ್ಟುಕೊಳ್ಳಿ.

ಮಲೆನಾಡಿನ ಓದುಗರಿಗಾಗಿ ಒಂದು ಮಾತು. ‘ಮಂಗನ ಕಾಯಿಲೆ’ ಎಂದು ನಾವು ಕರೆಯುವುದು ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಜ್ವರ ಮಂಗ ಕಚ್ಚುವುದರಿಂದ ಬರುವುದಲ್ಲ, ಉಣುಗು ಕಚ್ಚುವುದರಿಂದ ಹರಡುತ್ತದೆ.

ಎತ್ತರದ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗೆ ಸಿಗರೇಟು, ಕಲ್ಲೆಸೆತ, ಕೇಕೆ ಸಲ್ಲದು. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡುವುದೊಂದೇ ದಾರಿ. ಕಚ್ಚಿಸಿಕೊಂಡವರಿಗೆ ಮೈಯೆಲ್ಲ ದದ್ದು, ಉಸಿರುಗಟ್ಟುವಿಕೆ, ತಲೆಸುತ್ತು ಕಂಡರೆ ತಡಮಾಡದೆ ಆಸ್ಪತ್ರೆ.

ಕೋಟೆಯಾಚೆಯ ಕುರುಚಲು ಕಾಡಿನಲ್ಲಿ ಸಿಡಿಲಪಡಿ ಎಂಬ ದೊಡ್ಡ ಕಲ್ಲಾಸರೆ ಇದೆ, ಅಲ್ಲಿ ಆದಿಮಾನವರು ಬರೆದ ಚಿತ್ರಗಳಿವೆ. ಗುಹಾಲಯಗಳಷ್ಟು ಜನ ಅಲ್ಲಿಗೆ ಹೋಗುವುದಿಲ್ಲ, ಹೋದವರಿಗೆ ಬೇಸರವಾಗದು. ದಾರಿ ಬಲ್ಲ ಸ್ಥಳೀಯರನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು. ಅಲ್ಲಿ ಕಲ್ಲು ಎತ್ತಿ ನೋಡುವ, ಬಿರುಕಿಗೆ ಕೈ ಹಾಕುವ ಚಪಲ ಬೇಡ. ಕೆಂಪು ಚೇಳು ಕುಟುಕಿದರೆ ನೋವಿಗಿಂತ ಮುಖ್ಯವಾದದ್ದು ಬೆವರು, ವಾಂತಿ, ತಣ್ಣಗಾಗುವ ಕೈಕಾಲು. ಇವು ಹೃದಯಕ್ಕೆ ವಿಷದ ಪೆಟ್ಟು ಬಿದ್ದಿರುವ ಸೂಚನೆ, ಮಕ್ಕಳಲ್ಲಿ ಹೆಚ್ಚು ಅಪಾಯ. ಮಹಾರಾಷ್ಟ್ರದ ಮಹಾಡ್ ಎಂಬ ಊರಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ 1980ರ ದಶಕದಲ್ಲಿ ಪ್ರಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಇಂಥವರನ್ನು ಬದುಕಿಸಬಹುದೆಂದು ತೋರಿಸಿಕೊಟ್ಟರು. ಆಮೇಲೆ ಈ ಸಾವುಗಳು ಬಹಳ ಇಳಿದವು. ಬೇಗ ತಲುಪಿದರಷ್ಟೇ ಮಾತ್ರೆಗೆ ಬೆಲೆ. ಹಾವಿನ ಕಡಿತಕ್ಕೂ ಇದೇ ಮಾತು. ಹಗ್ಗ ಬಿಗಿಯದೆ, ಕೊಯ್ಯದೆ, ಕಡಿದ ಕಾಲನ್ನು ಅಲುಗಿಸದೆ ಹೊತ್ತು ತರಬೇಕು.

ಇಳಿಯುವಾಗ

ಹತ್ತುವುದು ಎದೆಗೆ ಕಷ್ಟ, ಇಳಿಯುವುದು ಮಂಡಿಗೆ. ಕೋಟೆಯ ಮೆಟ್ಟಿಲುಗಳು ಒಂದರಂತೆ ಒಂದಿಲ್ಲ, ಕೆಲವು ಮೊಳಕಾಲೆತ್ತರ. ಇಳಿಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟು ಭಾರ ಬೀಳುತ್ತದೆ. ಮಂಡಿ ಸವೆದವರು ಕೋಲು ಹಿಡಿದು, ನೋಯುವ ಕಾಲನ್ನು ಮೊದಲು ಕೆಳಗಿಟ್ಟು, ಅಡ್ಡವಾಗಿ ಇಳಿಯುವುದು ವಾಸಿ. ಮರುದಿನ ಎರಡೂ ತೊಡೆಗಳು ನೊಂದರೆ ಗಾಬರಿ ಬೇಡ, ಮೂರ್ನಾಲ್ಕು ದಿನದಲ್ಲಿ ತಾನಾಗಿ ಹೋಗುತ್ತದೆ. ಮೂತ್ರ ಚಹಾದ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ರಾತ್ರಿಯಿಡೀ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಬಂದವರಿಗೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಎಣ್ಣೆ ಹಚ್ಚಿ ತಿಕ್ಕದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.