ಅಂತ್ಯದಿನದ ಅರಿವು ನಮ್ಮನ್ನು ಹೇಗೆ ಬದಲಿಸಬೇಕು?



ಕಳೆದ ತಿಂಗಳು ಜುಮಾ ನಮಾಝಿನ ಬಳಿಕ ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್‌ನಲ್ಲಿ ಒಂದು ವೀಡಿಯೊ ತೋರಿಸಿದ. ಕಿಯಾಮತ್ ಸಂಭವಿಸುವ ವರ್ಷವನ್ನೇ ಅದರಲ್ಲಿ ಲೆಕ್ಕ ಹಾಕಿ ಹೇಳಿದ್ದರು. “ಉಸ್ತಾದ್, ಇನ್ನು ಓದಿ ಏನು ಪ್ರಯೋಜನ?” ಎಂದು ಕೇಳಿದ. ಅವನು ನಿಜವಾಗಿಯೂ ಹೆದರಿದ್ದ.

ಅಂತ್ಯದಿನದ ಮೇಲಿನ ವಿಶ್ವಾಸ ಈಮಾನಿನ ಆರು ಸ್ತಂಭಗಳಲ್ಲೊಂದು. ಆದರೆ ಅದರ ಸಮಯ ಅಲ್ಲಾಹನಿಗೆ ಮಾತ್ರ ತಿಳಿದಿದೆ ಎಂದು ಸೂರಃ ಅಲ್ ಅಅ್‌ರಾಫ್‌ನ 187ನೇ ವಚನ ಸ್ಪಷ್ಟಪಡಿಸುತ್ತದೆ. ಜಿಬ್ರೀಲ್(ಅ) ಈ ಬಗ್ಗೆ ಕೇಳಿದಾಗ ಪ್ರವಾದಿವರ್ಯರೂ(ಸ) ತಮಗೆ ಕೇಳಿದವರಿಗಿಂತ ಹೆಚ್ಚು ತಿಳಿದಿಲ್ಲ ಎಂದೇ ಹೇಳಿದರು. ಹಾಗಿರುವಾಗ ವೀಡಿಯೊ ಮಾಡಿದವನಿಗೆ ತಿಳಿದದ್ದು ಹೇಗೆ?

ಅನಸ್(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿರುವ ಹದೀಸೊಂದಿದೆ. ಅಂತ್ಯದಿನ ಯಾವಾಗ ಎಂದು ಒಬ್ಬರು ಕೇಳಿದಾಗ ಪ್ರವಾದಿವರ್ಯರು(ಸ) ದಿನಾಂಕ ಹೇಳಲಿಲ್ಲ. ಅದಕ್ಕಾಗಿ ಏನು ಸಿದ್ಧತೆ ಮಾಡಿದ್ದೀರಿ ಎಂದು ಮರಳಿ ಕೇಳಿದರು. ಈ ವಿಷಯವನ್ನು ಸರಿಯಾಗಿ ಕಲಿತರೆ ನಮ್ಮ ಯೋಚನೆಯಲ್ಲಾಗುವ ಮೊದಲ ಬದಲಾವಣೆ ಇದೇ. ಕಣ್ಣು ಕ್ಯಾಲೆಂಡರ್ ಬಿಟ್ಟು ನಮ್ಮ ಕರ್ಮಗಳ ಕಡೆಗೆ ತಿರುಗುತ್ತದೆ.

ಎರಡನೆಯದು, ನಿರಾಶೆ ದೂರವಾಗುತ್ತದೆ. ಕೈಯಲ್ಲಿ ಸಸಿಯಿರುವಾಗ ಅಂತ್ಯದಿನ ಬಂದರೂ ಸಾಧ್ಯವಾದರೆ ಅದನ್ನು ನೆಡಬೇಕು ಎಂಬ ಬೋಧನೆ ಮುಸ್ನದ್ ಅಹ್ಮದ್‌ನಲ್ಲಿದೆ. ಆ ಸಸಿಯ ಹಣ್ಣು ತಿನ್ನಲು ಯಾರೂ ಉಳಿಯುವುದಿಲ್ಲ. ಆದರೂ ನೆಟ್ಟವನ ಕರ್ಮ ಅಲ್ಲಾಹನ ಬಳಿ ವ್ಯರ್ಥವಾಗುವುದಿಲ್ಲ.

ಮೂರನೆಯದು, ಇತರರ ಹಕ್ಕಿನ ಭಯ ಹುಟ್ಟುತ್ತದೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದವನೂ ಅಂದು ದಿವಾಳಿಯಾಗಬಹುದೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಎಚ್ಚರಿಸುತ್ತದೆ. ಅವನು ಯಾರನ್ನು ಬೈದಿದ್ದನೋ, ಯಾರ ಸೊತ್ತು ತಿಂದಿದ್ದನೋ ಅವರಿಗೆ ಅವನ ಪುಣ್ಯವೆಲ್ಲ ಹಂಚಿಹೋಗುತ್ತದೆ.

ಮದ್ರಸದಲ್ಲಿ ಕಲಿಯುವಾಗ ನಾನೂ ಅಂತ್ಯದಿನದ ಕುರುಹುಗಳನ್ನು ಬಾಯಿಪಾಠ ಮಾಡಿ, ಯಾವುದೆಲ್ಲ ಆಗಿಹೋಗಿದೆ ಎಂದು ಎಣಿಸುತ್ತಿದ್ದೆ. ಈ ಹದೀಸನ್ನು ಓದಿದ ದಿನ ಸಹಪಾಠಿಗೆ ಕೊಡಲು ಬಾಕಿಯಿದ್ದ ಸಾಲ ನೆನಪಾಯಿತು. ಅದನ್ನು ತೀರಿಸಿದ ಮೇಲೆಯೇ ನನಗೆ ಸಮಾಧಾನವಾದದ್ದು.

ಸಹೋದರರೇ, ಕಿಯಾಮತ್‌ನ ವೀಡಿಯೊವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ತಂದೆಯ ಆಸ್ತಿಯಲ್ಲಿ ಸಹೋದರಿಯ ಪಾಲು ಅವಳಿಗೆ ಸೇರಿದೆಯೇ ಎಂದು ನೋಡೋಣ. ಮಾತು ಬಿಟ್ಟ ನೆಂಟರ ಮನೆಗೆ ಹೋಗಿ ಸಲಾಮ್ ಹೇಳೋಣ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: “ಮಗನೇ, ನಿನ್ನ ಕೈಯಲ್ಲಿರುವ ಸಸಿ ನಿನ್ನ ಪುಸ್ತಕ. ಹೋಗಿ ಓದು.”

ಅಲ್ಲಾಹನು ನಮ್ಮೆಲ್ಲರ ವಿಚಾರಣೆಯನ್ನು ಸುಲಭಗೊಳಿಸಲಿ. ಆಮೀನ್.